ರೊಟ್ಟಿ ಜೊತೆಗೆ ಯಾವ ಹಸಿ ಪಲ್ಲೆ? ಹಕ್ಕರಕಿ, ಗೋಣಿ, ಕಡ್ಲಿ, ಕುಸುಬಿ, ಮೆಂತೆಗಳ ಹೋಲಿಕೆ

ಉತ್ತರ ಕರ್ನಾಟಕದ ಊಟದ ತಾಟಿನಲ್ಲಿ ಹಸಿ ಪಲ್ಲೆಗೆ ಒಂದು ಜಾಗ ಖಾಯಂ. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ (ಚಟ್ನಿಪುಡಿ), ಗಟ್ಟಿ ಮೊಸರು, ಪಕ್ಕದಲ್ಲಿ ಉಳ್ಳಾಗಡ್ಡಿ, ಸವತಿಕಾಯಿ ಮತ್ತು ಒಂದು ಹಿಡಿ ಎಲೆ. ಧಾರವಾಡ, ಗದಗ, ಬಾಗಲಕೋಟೆ ಕಡೆಯ ಎಷ್ಟೋ ಖಾನಾವಳಿಗಳಲ್ಲಿ ಇದು ಕೇಳದೆಯೇ ಬರುತ್ತದೆ. ಮನೆಗೆ ತರುವಾಗ ಮಾತ್ರ ಪ್ರಶ್ನೆ ಏಳುತ್ತದೆ. ಸಂತೆಯಲ್ಲಿ ಐದಾರು ಬಗೆಯ ಸೊಪ್ಪು ಕಾಣುತ್ತವೆ. ಯಾವುದನ್ನು ಹಸಿಯಾಗಿ ತಿಂದರೆ ಚೆಂದ, ಯಾವ ತಿಂಗಳಿಗೆ ಯಾವುದು, ಯಾರ ಮೈಗೆ ಯಾವುದು ಒಗ್ಗುತ್ತದೆ?

ಅವಸರದಲ್ಲಿ ಇರುವವರಿಗೆ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಚಳಿಗಾಲದಲ್ಲಿ ಎಳೆಯ ಹಕ್ಕರಕಿ ಸಿಕ್ಕರೆ ಅದನ್ನೇ ತನ್ನಿ. ಬೇಸಿಗೆಗೆ ಮತ್ತು ಕುಂಡದಲ್ಲಿ ಬೆಳೆದುಕೊಳ್ಳುವವರಿಗೆ ಗೋಣಿ ಸೊಪ್ಪು. ಹಿಂಗಾರಿ ಹೊಲ ಇದ್ದವರಿಗೆ ಕಡ್ಲಿ ಕುಡಿ, ಕುಸುಬಿ. ಗಿಡದ ಗುರುತು ಖಾತ್ರಿ ಇಲ್ಲದವರಿಗೆ ಮೆಂತೆ. ಇಷ್ಟಾದರೂ ಹೆಸರಿಗಿಂತ ಮುಖ್ಯ ಎಲೆಯ ವಯಸ್ಸು. ಹೂವಿಗೆ ಬಂದ ಹಕ್ಕರಕಿಗಿಂತ ನಾಲ್ಕು ಬೆರಳೆತ್ತರದ ಮೆಂತೆ ಎಷ್ಟೋ ಮೇಲು. ಹಸಿ ತಿನ್ನುವ ಸೊಪ್ಪನ್ನು ಇಷ್ಟಪಡದವರಲ್ಲಿ ಬಹಳ ಜನ ಬಲಿತದ್ದನ್ನು ತಿಂದು ಬೇಸರಪಟ್ಟವರು ಎಂಬುದು ನನ್ನ ನಂಬಿಕೆ.

ಹಕ್ಕರಕಿ: ಕಹಿಯನ್ನು ಒಪ್ಪುವವರಿಗೆ

ಕೆಲವು ಕಡೆ ಹಕ್ಕರಿಕೆ, ಹತ್ತರಕಿ ಅಂತಲೂ ಕರೆಯುತ್ತಾರೆ. ಮರಾಠಿಯವರಿಗೆ ಇದು ಪಾಥರಿ. ಬಹುತೇಕ ತಾನಾಗಿಯೇ ಹುಟ್ಟುವ ಗಿಡ. ಮಳೆ ಬಿಟ್ಟ ಮೇಲೆ ಎರಿ ಹೊಲದ ಜೋಳದ ಸಾಲಿನ ನಡುವೆ, ಬದುವಿನ ಮೇಲೆ, ಕಾಲುವೆಯ ದಂಡೆಗೆ ಮೊಳೆಯುತ್ತದೆ. ಈಗೀಗ ಕೆಲವರು ಬೀಜ ಹಾಕಿ ಮಡಿಯಲ್ಲಿ ಬೆಳೆದು ಮಾರುವುದೂ ಉಂಟು. ಎಲೆಗಳು ನೆಲಕ್ಕೆ ಅಂಟಿಕೊಂಡು ಸುತ್ತಲೂ ಹರಡಿರುತ್ತವೆ, ಉದ್ದಕ್ಕೆ ಇರುತ್ತವೆ, ಅಂಚು ಅಲ್ಲಲ್ಲಿ ಸೀಳಿದಂತೆ ಒಳಕ್ಕೆ ಕಚ್ಚಿರುತ್ತದೆ. ಮುರಿದರೆ ಬಿಳಿ ಹಾಲು. ಆಮೇಲೆ ನಡುವಿನಿಂದ ದಂಟು ಎದ್ದು ಸಣ್ಣ ಹಳದಿ ಹೂ ಬಿಡುತ್ತದೆ. ಹೂ ಒಣಗಿದ ಮೇಲೆ ಹತ್ತಿಯಂಥ ಎಳೆ ಹಚ್ಚಿಕೊಂಡ ಬೀಜ ಗಾಳಿಗೆ ಹಾರುತ್ತವೆ.

ಈ ಗಿಡ ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬದ್ದು. ಅದರೊಳಗೂ ಲೆಟ್ಯೂಸ್, ಚಿಕೋರಿಗಳ ಬಳಗಕ್ಕೆ ಸೇರಿದ್ದು. ದೊಡ್ಡ ಹೋಟೆಲಿನಲ್ಲಿ ದುಡ್ಡು ಕೊಟ್ಟು ತಿನ್ನುವ ಸಲಾಡ್ ಎಲೆಯ ಹತ್ತಿರದ ಸಂಬಂಧಿ ನಮ್ಮ ಜೋಳದ ಹೊಲದಲ್ಲಿ ಕಸ ಅನ್ನಿಸಿಕೊಂಡು ಬಿದ್ದಿದೆ. ಈ ಬಳಗದ ಗಿಡಗಳ ಕಹಿ ಹೆಚ್ಚಾಗಿ ಇರುವುದು ಆ ಹಾಲಿನಲ್ಲಿ. ಎಲೆ ನೆಲಕ್ಕೆ ಹರಡಿರುವಾಗ ಕಹಿ ಹಿತವಾಗಿರುತ್ತದೆ, ರೊಟ್ಟಿಯ ಸಿಹಿಗೆ ಸರಿ ಹೊಂದುತ್ತದೆ. ದಂಟು ಏಳಲು ಶುರುವಾದರೆ ಕಹಿ ಏರುತ್ತಾ ಹೋಗುತ್ತದೆ, ಎಲೆಯ ನಡುನರ ಹುರಿಯಂತೆ ಗಟ್ಟಿಯಾಗುತ್ತದೆ. ಅಂಥದ್ದನ್ನು ಬೇಳೆ ಹಾಕಿ ಬೇಯಿಸಿ ಪಲ್ಯ ಮಾಡಿ. ಹಸಿ ತಿನ್ನಲು ಹೋಗಬೇಡಿ.

ಸಂತೆಯಲ್ಲಿ ಕೊಳ್ಳುವಾಗ ಕಟ್ಟನ್ನು ತಿರುಗಿಸಿ ಬುಡ ನೋಡಿ. ಬುಡದ ನಡುವೆ ಮೇಲಕ್ಕೆ ಎದ್ದ ಗಟ್ಟಿ ದಂಟು ಇದ್ದರೆ ಬಿಟ್ಟುಬಿಡಿ. ತಾಜಾ ಹೌದೋ ಅಲ್ಲವೋ ತಿಳಿಯಲು ಮಾರುವವರೇ ಒಂದು ದಾರಿ ತೋರಿಸುತ್ತಾರೆ.

"ಯಕ್ಕಾ, ಇವತ್ತ ಕಿತ್ತಿದ್ದೇನ ಇದು?"

"ಮುಂಜಾನಿ ಕಿತ್ತೀನ್ರಿ. ಒಂದ ಎಲಿ ಮುರದ ನೋಡ್ರಿ, ಹಾಲ ಬರತೈತಿ."

ಮುರಿದ ಕೂಡಲೇ ಹಾಲಿನ ಹನಿ ಮೂಡಿದರೆ ಎಲೆಯಲ್ಲಿ ಇನ್ನೂ ನೀರಿನ ಬಿಗಿ ಇದೆ ಎಂದು ಅರ್ಥ. ನಿನ್ನೆ ಮೊನ್ನೆ ಕಿತ್ತು, ನೀರು ಚಿಮುಕಿಸಿ ಹಸಿರಾಗಿ ಕಾಣಿಸುತ್ತಿರುವ ಕಟ್ಟಿನಲ್ಲಿ ಆ ಹನಿ ಹಾಗೆ ಮೂಡುವುದಿಲ್ಲ.

ಗೋಣಿ ಸೊಪ್ಪು: ಹುಳಿ, ರಸ, ಮತ್ತು ಮುಂಜಾನೆ-ಸಂಜೆಯ ಲೆಕ್ಕ

ಗೋಣಿ ಪಲ್ಲೆ, ಗೋಳಿ ಪಲ್ಲೆ, ದೊಡ್ಡಗೋಣಿ ಸೊಪ್ಪು ಎಂದೆಲ್ಲ ಹೆಸರಿರುವ ಇದು ಜಗತ್ತಿನ ತುಂಬಾ ಹರಡಿರುವ ಗಿಡ. ಸಸ್ಯಶಾಸ್ತ್ರದ ಹೆಸರು ಪೋರ್ಚುಲಾಕಾ ಒಲೆರೇಸಿಯಾ, 1753ರಲ್ಲಿ ಲಿನೇಯಸ್ ಇಟ್ಟದ್ದು. ಹಕ್ಕರಕಿಗೆ ಇದು ಪೂರ್ತಿ ಉಲ್ಟಾ: ಅಲ್ಲಿ ಎಲೆ ತೆಳು, ಇಲ್ಲಿ ದಪ್ಪ; ಅಲ್ಲಿ ಕಹಿ, ಇಲ್ಲಿ ಹುಳಿ; ಅದಕ್ಕೆ ಚಳಿ ಬೇಕು, ಇದಕ್ಕೆ ಬಿಸಿಲು. ಕೆಂಪು ಛಾಯೆಯ ರಸಭರಿತ ದಂಟು, ಚಮಚದಾಕಾರದ ನುಣುಪು ಎಲೆ, ಬಿಸಿಲಿದ್ದ ದಿನ ಕೆಲವೇ ತಾಸು ಅರಳುವ ಹಳದಿ ಹೂ. ಎಲೆ, ಎಳೆ ದಂಟು ಎರಡೂ ಹಸಿಯಾಗಿ ತಿನ್ನಲು ಬರುತ್ತವೆ. ಅಗಿದಾಗ ಮೊದಲು ಕಟಕ್ ಅನ್ನುತ್ತದೆ, ಆಮೇಲೆ ಬೆಂಡೆಕಾಯಿಯ ಲೋಳೆ ನಾಲಿಗೆಗೆ ಸ್ವಲ್ಪ ಹತ್ತುತ್ತದೆ. ಈ ಲೋಳೆ ಸೇರದವರು ಹಲವರಿದ್ದಾರೆ. ಅಂಥವರು ಬರೀ ಎಲೆ ಬಿಡಿಸಿಕೊಂಡು ಉಳ್ಳಾಗಡ್ಡಿ, ಮೊಸರಿನ ಜೊತೆ ಕಲಸಿದರೆ ಲೋಳೆ ಅಷ್ಟಾಗಿ ತಿಳಿಯುವುದಿಲ್ಲ.

ಇದನ್ನು ಯಾವ ಹೊತ್ತಿಗೆ ಕೀಳುತ್ತೀರಿ ಅನ್ನುವುದು ರುಚಿಯನ್ನೇ ಬದಲಿಸುತ್ತದೆ. ನೀರಿಲ್ಲದೆ ಒಣಗುವ ಪರಿಸ್ಥಿತಿ ಬಂದಾಗ ಗೋಣಿ ಗಿಡ ಹಗಲು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ನೀರು ಉಳಿಸುತ್ತದೆ. ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆಳೆದು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಡುತ್ತದೆ. ಹಸಿ ಸೇಬಿಗೆ ಹುಳಿ ಕೊಡುವುದು ಇದೇ ಆಮ್ಲ. ಬೆಳಕು ಬಂದ ಮೇಲೆ ಅದನ್ನು ಖರ್ಚು ಮಾಡುತ್ತಾ ಹೋಗುತ್ತದೆ. ಹಾಗಾಗಿ ಬೆಳಗಿನ ಜಾವ ಕಿತ್ತ ಸೊಪ್ಪು ಹೆಚ್ಚು ಹುಳಿ, ಸಂಜೆ ಕಿತ್ತದ್ದು ಸಪ್ಪೆ. ಜೋಳ, ಮೆಕ್ಕೆಜೋಳ, ಕಬ್ಬುಗಳಂತೆ ಬಿಸಿಲಿನಲ್ಲಿ ಚುರುಕಾಗಿ ಆಹಾರ ತಯಾರಿಸುವ ಸಿ4 ವಿಧಾನ ಮತ್ತು ಕಳ್ಳಿ ಜಾತಿಯ ಗಿಡಗಳ ಈ ರಾತ್ರಿ ವಿಧಾನ ಎರಡೂ ಒಂದೇ ಗಿಡದಲ್ಲಿರುವುದು ಬಲು ಅಪರೂಪ. ಗೋಣಿ ಎಲೆಯಲ್ಲಿ ಎರಡೂ ಒಂದೇ ಜೀವಕೋಶಗಳೊಳಗೆ ಹೆಣೆದುಕೊಂಡು ನಡೆಯುತ್ತವೆ ಎಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ತೋರಿಸಿದರು. ಅಡುಗೆಯವರಿಗೆ ಇದರಿಂದ ಸಿಗುವ ಲಾಭ ಸರಳ: ಹುಳಿ ಬೇಕಾದವರು ಬೆಳಿಗ್ಗೆ ಕೀಳಿ, ಮಕ್ಕಳಿಗೆ ಕೊಡುವುದಾದರೆ ಸಂಜೆ. ದಿನಾ ನೀರು ಉಣಿಸಿದ ಕುಂಡದ ಗಿಡದಲ್ಲಿ ಈ ಅಂತರ ಕಡಿಮೆ.

ಪೋಷಣೆಯ ವಿಷಯದಲ್ಲಿ ಇದಕ್ಕೆ ಇರುವ ಹೆಸರು ಸುಳ್ಳಲ್ಲ. 100 ಗ್ರಾಂ ತಾಜಾ ಎಲೆಯಲ್ಲಿ 300ರಿಂದ 400 ಮಿಲಿಗ್ರಾಂನಷ್ಟು ಒಮೆಗಾ-3 ಬಗೆಯ ಆಲ್ಫಾ ಲಿನೊಲೆನಿಕ್ ಆಮ್ಲ ಇದೆಯೆಂದು ಅಳೆದಿದ್ದಾರೆ. ಎಲೆ ಸೊಪ್ಪಿಗೆ ಇದು ದೊಡ್ಡ ಮೊತ್ತ. ಆದರೆ ಒಂದು ಚಮಚ ಅಗಸಿ ಹಿಂಡಿಯಲ್ಲಿ ಇದಕ್ಕಿಂತ ಹೆಚ್ಚು ಸಿಗುತ್ತದೆ, ಹಾಗಾಗಿ ಅದೊಂದಕ್ಕಾಗಿ ಗೋಣಿ ತಿನ್ನಬೇಕಾಗಿಲ್ಲ. ಇನ್ನೊಂದು ಕಡೆ ಇದರಲ್ಲಿ ಪಾಲಕ್‌ನಂತೆಯೇ ಆಕ್ಸಲೇಟ್ ಜಾಸ್ತಿ. ಮೂತ್ರಪಿಂಡದ ಕಲ್ಲಿನ ತೊಂದರೆ ಇದ್ದವರು ಹಸಿ ಗೋಣಿಯಿಂದ ದೂರ ಇರುವುದೇ ಒಳ್ಳೆಯದು. ಉಳಿದವರು ಮೊಸರಿನ ಜೊತೆ ತಿನ್ನಿ: ಮೊಸರಿನ ಕ್ಯಾಲ್ಸಿಯಂ ಆಕ್ಸಲೇಟನ್ನು ಹೊಟ್ಟೆಯಲ್ಲಿಯೇ ಹಿಡಿದುಕೊಳ್ಳುತ್ತದೆ, ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಟರ್ಕಿಯವರು ಇದೇ ಸೊಪ್ಪನ್ನು ಬೆಳ್ಳುಳ್ಳಿ, ಮೊಸರು ಹಾಕಿ ಹಸಿಯಾಗಿ ತಿನ್ನುತ್ತಾರೆ.

ಕಡ್ಲಿ, ಕುಸುಬಿ, ಮೆಂತೆ

ಇವು ಮೂರೂ ಬಿತ್ತಿದ ಬೆಳೆ, ಕಾಡುಗಿಡಗಳಲ್ಲ. ಆದರೂ ಹಸಿ ಪಲ್ಲೆಯ ಲೆಕ್ಕದಲ್ಲಿ ಬಿಡುವಂತಿಲ್ಲ.

ಕಡ್ಲಿ ಕುಡಿಯ ಹುಳಿ ಎಲೆಯ ಮೇಲೆಯೇ ಇರುತ್ತದೆ. ಗಿಡದ ಸಣ್ಣ ರೋಮಗಳು ಮ್ಯಾಲಿಕ್, ಆಕ್ಸಾಲಿಕ್ ಆಮ್ಲಗಳನ್ನು ಹೊರಬಿಡುತ್ತವೆ. ಮುಂಜಾನೆ ಕಡ್ಲಿ ಹೊಲದಲ್ಲಿ ನಡೆದರೆ ಕಾಲು ಚುರುಗುಟ್ಟುವುದು ಇದರಿಂದಲೇ. ಹಿಂದೆ ರಾತ್ರಿ ಬೆಳೆಯ ಮೇಲೆ ತೆಳು ಬಟ್ಟೆ ಹಾಸಿ, ಬೆಳಿಗ್ಗೆ ಇಬ್ಬನಿ ಸಮೇತ ಹಿಂಡಿ ಕಡ್ಲಿ ಹುಳಿ ಕೂಡಿಡುತ್ತಿದ್ದರು. ಬಿತ್ತಿ ಒಂದು ತಿಂಗಳಾದ ಗಿಡದ ಕುಡಿ ಚಿವುಟಿದರೆ ಕವಲು ಹೆಚ್ಚಿ ಇಳುವರಿಗೂ ಒಳ್ಳೆಯದು. ಹೂ ಕಾಣಿಸಿದ ಮೇಲೆ ಚಿವುಟಬಾರದು. ಕಾಯಿಕೊರಕ ಹುಳಕ್ಕೆ ಔಷಧ ಹೊಡೆದ ಹೊಲದ ಕುಡಿಯನ್ನು ಬಾಯಿಗೆ ಹಾಕಲೇಬೇಡಿ. ಹಸಿಯಾಗಿ ಇದು ರೊಟ್ಟಿಯ ಜೊತೆ ನಾಲ್ಕು ಎಳೆ ಇದ್ದರೆ ಸಾಕು, ಬಟ್ಟಲುಗಟ್ಟಲೆ ತಿನ್ನುವ ಸೊಪ್ಪಲ್ಲ.

ಕುಸುಬಿಯನ್ನು ಹಸಿ ತಿನ್ನಲು ಸಿಗುವ ಅವಧಿ ಬಹಳ ಚಿಕ್ಕದು. ಬಿತ್ತಿದ ಎರಡು ಮೂರು ವಾರಕ್ಕೆ ದಟ್ಟವಾದ ಕಡೆ ಸಸಿ ಕಿತ್ತು ತೆಳುಗೊಳಿಸುತ್ತಾರಲ್ಲ, ಆ ಕಿತ್ತ ಸಸಿಯೇ ಪಲ್ಲೆ. ಆಗ ಎಲೆ ಮೆತ್ತಗೆ, ರುಚಿ ಸೌಮ್ಯ, ಕಹಿಯೂ ಇಲ್ಲ ಹುಳಿಯೂ ಇಲ್ಲ. ತಡವಾದರೆ ಅಂಚಿಗೆ ಮುಳ್ಳು ಬರುತ್ತದೆ.

ಮೆಂತೆಗೆ ಪರಿಚಯ ಬೇಡ. ವರ್ಷವಿಡೀ ಸಿಗುತ್ತದೆ, ಗುರುತು ತಪ್ಪುವುದಿಲ್ಲ, ಪೇಟೆಯಲ್ಲಿ ಇರುವವರಿಗೆ ಇದೇ ಸುಲಭ. ಹಸಿ ತಿನ್ನಲು ಸಣ್ಣೆಲೆಯ, ಹೂ ಬಿಡದ ಕಟ್ಟು ಆರಿಸಿ.

ಗುರುತು ತಪ್ಪಬಾರದ ಜಾಗ

ಹೊಲದಲ್ಲಿ ಸ್ವತಃ ಕೀಳುವವರು ಇದನ್ನು ನಿಧಾನವಾಗಿ ಓದಿ. ಹಾಲು ಬಂದರೆ ತಿನ್ನಬಾರದು ಎಂದು ಹಲವರು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಅದು ಗೋಣಿಗೆ ನಿಜ, ಹಕ್ಕರಕಿಗೆ ಸುಳ್ಳು. ಗೋಣಿಯಂತೆ ನೆಲದ ಮೇಲೆ ಹರಡುವ, ಕೆಂಪು ದಂಟಿನ ಸಣ್ಣ ಹಾಲುಗಿಡಗಳಿವೆ. ಅವು ಕಳ್ಳಿಯ ಕುಟುಂಬದವು, ಹಾಲು ಹೊಟ್ಟೆಗೂ ಚರ್ಮಕ್ಕೂ ಕೆಟ್ಟದ್ದು. ಗೋಣಿಯ ದಂಟು ಮುರಿದರೆ ಬರುವುದು ನೀರಿನಂಥ ರಸ ಮಾತ್ರ. ಬಿಳಿ ಹನಿ ಕಂಡರೆ ಎಸೆಯಿರಿ. ಇನ್ನೊಂದು ಗಿಡ ಗೋಣಿಗೆ ಇನ್ನೂ ಹತ್ತಿರ ಕಾಣುತ್ತದೆ, ಅದಕ್ಕೆ ಹಾಲಿಲ್ಲ. ಅದರ ಎಲೆಗಳು ಜೋಡಿಯಾಗಿ ಇದ್ದು ಜೋಡಿಯಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು. ಹೂ ನಸುಗುಲಾಬಿ ಅಥವಾ ಬಿಳಿ. ಗೋಣಿಯ ಹೂ ಹಳದಿ. ಅನುಮಾನ ಬಂದರೆ ಹೂ ಬಿಡುವವರೆಗೆ ಕಾಯಿರಿ.

ಹಕ್ಕರಕಿಯಲ್ಲಿ ಹಾಲು ಇರಲೇಬೇಕು, ಅದು ಬಿಳಿಯೇ ಇರಬೇಕು. ಹಳದಿ ಹಾಲು ಬಂದು, ಎಲೆಯಂಚಿಗೆ ಮುಳ್ಳಿದ್ದರೆ ಅದು ದತ್ತೂರಿ ಮುಳ್ಳಿನ ಗಿಡ, ಅಂದರೆ ಆರ್ಜಿಮೋನ್. ಅದರ ಬೀಜದ ಎಣ್ಣೆ ಸಾಸಿವೆ ಎಣ್ಣೆಗೆ ಬೆರೆತು 1998ರಲ್ಲಿ ದಿಲ್ಲಿಯಲ್ಲಿ ಜನ ಸತ್ತಿದ್ದರು. ಹಾಲೇ ಬರದ, ನವಿರಾಗಿ ಕತ್ತರಿಸಿದಂತಿರುವ ರೋಮದ ಎಲೆ ನೆಲಕ್ಕೆ ಹರಡಿದ್ದರೆ ಅದು ಎಳೆಯ ಕಾಂಗ್ರೆಸ್ ಕಸ ಇರಬಹುದು; ಮುಟ್ಟಿದರೂ ಕೆಲವರಿಗೆ ಚರ್ಮ ತುರಿಸುತ್ತದೆ. ಮೊದಲ ಸಲ ಕೀಳುವವರು ಊರಿನಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳ ಜೊತೆ ಹೊಲಕ್ಕೆ ಹೋಗಿ. ಗಿಡ ಎರಡೆಲೆ ಇದ್ದಾಗಲೇ ಗುರುತಿಸಬಲ್ಲವರು ಅವರು. ಫೋಟೋ ನೋಡಿ ಕಲಿಯುವುದಕ್ಕಿಂತ ಅವರ ಪಕ್ಕ ಕೂತು ಒಂದು ಸಾಲು ಕಸ ತೆಗೆದರೆ ಹೆಚ್ಚು ತಿಳಿಯುತ್ತದೆ.

ಎಲ್ಲಿ ಕೀಳುತ್ತೀರಿ ಅನ್ನುವುದೂ ಅಷ್ಟೇ ಮುಖ್ಯ. ಜೋಳ, ಗೋವಿನಜೋಳಕ್ಕೆ ಕಳೆನಾಶಕ ಹೊಡೆಯುವುದು ಈಗ ಸಾಮಾನ್ಯ. ಹೊಡೆದ ಹೊಲದಲ್ಲಿ ಸಾಯದೆ ಉಳಿದ ಹಕ್ಕರಕಿ ತಿನ್ನಲು ಯೋಗ್ಯವಲ್ಲ. ಹೊಲದವರನ್ನು ಕೇಳದೆ ಕೀಳಬೇಡಿ. ಗಟಾರದ ನೀರು ಹರಿಯುವ ಕಡೆ, ಹೆದ್ದಾರಿಯ ಅಂಚು, ಬಯಲು ಶೌಚದ ಜಾಗ ಇವನ್ನು ಪೂರ್ತಿ ಬಿಡಿ. ಇಂಥ ನೆಲದ ಹಸಿ ಸೊಪ್ಪಿನಿಂದ ಲಾಡಿಹುಳುವಿನ ಮೊಟ್ಟೆ ಹೊಟ್ಟೆ ಸೇರಬಹುದು. ಹಂದಿ ಲಾಡಿಹುಳುವಿನದಾದರೆ ಮಿದುಳಿನವರೆಗೂ ಹೋಗಿ ಮೂರ್ಛೆ ತರುತ್ತದೆ. ಉಪ್ಪುನೀರಿನಲ್ಲಿ ನೆನೆಸಿದರೆ ಮೊಟ್ಟೆ ಸಾಯುತ್ತದೆಂದು ನಂಬಬೇಡಿ, ಹರಿಯುವ ನೀರಿನಲ್ಲಿ ಒಂದೊಂದೇ ಎಲೆ ಬೆರಳಿನಿಂದ ಉಜ್ಜಿ ತೊಳೆಯುವುದೇ ಸರಿ. ಹಕ್ಕರಕಿ ನೆಲಕ್ಕೆ ಅಂಟಿ ಬೆಳೆಯುವುದರಿಂದ ಎಲೆಯ ಬುಡದಲ್ಲಿ ಎರಿ ಮಣ್ಣು ಕೂತಿರುತ್ತದೆ. ಬುಡ ಕೊಯ್ದು ಎಲೆ ಬಿಡಿಸಿದ ಮೇಲೆಯೇ ತೊಳೆಯಿರಿ. ಬಸುರಿಯರು, ರೋಗನಿರೋಧಕ ಶಕ್ತಿ ಕುಗ್ಗಿದವರು ಇವನ್ನೆಲ್ಲ ಬೇಯಿಸಿಯೇ ತಿನ್ನಲಿ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಒಮ್ಮೆಲೇ ಸೊಪ್ಪು ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಬೇಕು, ಹಸಿರೆಲೆಯ ವಿಟಮಿನ್ ಕೆ ಆ ಔಷಧದ ಕೆಲಸವನ್ನು ಕುಗ್ಗಿಸುತ್ತದೆ.

ಯಾವುದಕ್ಕೆ ಯಾವ ಜೊತೆ

ಕಹಿಗೆ ಎಣ್ಣೆ ಬೇಕು, ಹುಳಿಗೆ ಮೊಸರು ಬೇಕು. ನನ್ನ ಲೆಕ್ಕ ಇಷ್ಟೇ. ಹಕ್ಕರಕಿ ಪಚಡಿಗೆ ಎಲೆಯನ್ನು ತೊಳೆದು, ಬಟ್ಟೆಯ ಮೇಲೆ ಹರವಿ ನೀರು ಪೂರ್ತಿ ಆರಿಸಿ, ಬೆರಳಗಲ ಹೆಚ್ಚಿ. ಸಣ್ಣಗೆ ಕೊಚ್ಚಿದ ಉಳ್ಳಾಗಡ್ಡಿ, ತುರಿದ ಗಜ್ಜರಿ ಸೇರಿಸಿ. ಮೊದಲು ಕುಸುಬಿ ಎಣ್ಣೆಯೋ ಶೇಂಗಾ ಎಣ್ಣೆಯೋ ಎರಡು ಚಮಚ ಹಾಕಿ ಎಲೆಗೆಲ್ಲ ತಾಗುವಂತೆ ಕೈಯಿಂದ ಕಲಸಿ, ಆಮೇಲೆ ಶೇಂಗಾ ಹಿಂಡಿ ಇಲ್ಲವೇ ಗುರೆಳ್ಳ ಹಿಂಡಿ ಉದುರಿಸಿ. ಉಪ್ಪು ತಾಟಿಗೆ ಬಡಿಸುವ ಮುಂಚೆ ಮಾತ್ರ. ಉಪ್ಪು ಮೊದಲೇ ಬಿದ್ದರೆ ಎಲೆ ನೀರು ಬಿಟ್ಟು ಜೋತು ಬೀಳುತ್ತದೆ, ಹಿಂಡಿ ಕೆಸರಾಗುತ್ತದೆ. ಹಿಂಡಿಯಲ್ಲಿ ಹೇಗೂ ಉಪ್ಪಿದೆ, ನೋಡಿಕೊಂಡು ಹಾಕಿ.

ಗೋಣಿಗೆ ಈ ಹಿಂಡಿ ಹೊಂದುವುದಿಲ್ಲ, ಲೋಳೆಗೆ ಪುಡಿ ಮುದ್ದೆಗಟ್ಟುತ್ತದೆ. ಅದಕ್ಕೆ ಗಟ್ಟಿ ಮೊಸರು, ಹಸಿಮೆಣಸು, ಜಜ್ಜಿದ ಬೆಳ್ಳುಳ್ಳಿ. ಮೆಂತೆಗೆ ಲಿಂಬೆಹಣ್ಣು ಮತ್ತು ಉಳ್ಳಾಗಡ್ಡಿ. ಕಡ್ಲಿಗೆ ಬಿಸಿ ರೊಟ್ಟಿ ಮತ್ತು ಬೆಣ್ಣೆ ಸಾಕು.

ಮಕ್ಕಳಿಗೆ ಮೊದಲ ಸಲ ಹಸಿ ಪಲ್ಲೆ ಕೊಡುವುದಾದರೆ ಕುಸುಬಿ ಸಸಿಯಿಂದ ಶುರು ಮಾಡಿ, ಆಮೇಲೆ ಸಂಜೆಯ ಗೋಣಿ. ಹಕ್ಕರಕಿಯ ಕಹಿ ಕೊನೆಗೆ.

ಬೆಂಗಳೂರಿನಲ್ಲಿ, ಹೊರದೇಶದಲ್ಲಿ ಇರುವವರಿಗೆ

ಬಾಲ್ಕನಿಯಲ್ಲಿ ನಾಲ್ಕು ತಾಸು ಬಿಸಿಲು ಬಿದ್ದರೆ ಗೋಣಿ ಬರುತ್ತದೆ. ಬೀಜವೂ ಬೇಡ: ಸಂತೆಯಿಂದ ತಂದ ಕಟ್ಟಿನ ದಂಟಿನ ತುಂಡುಗಳನ್ನು ಒದ್ದೆ ಮಣ್ಣಿಗೆ ಊರಿದರೆ ಬೇರು ಬಿಡುತ್ತವೆ. ಕಿತ್ತು ಹೊಲದಲ್ಲೇ ಬಿಟ್ಟ ಗೋಣಿ ಮತ್ತೆ ಬದುಕುವುದು ಇದೇ ಗುಣದಿಂದ. ಕುಂಡದ ಸುತ್ತ ಬೀಜ ಉದುರಲು ಬಿಟ್ಟರೆ ಮುಂದಿನ ವರ್ಷ ಉಳಿದ ಕುಂಡಗಳಲ್ಲೂ ಅದೇ ಇರುತ್ತದೆ, ಎಚ್ಚರ. ಹಕ್ಕರಕಿಯನ್ನು ಬೀಜದಿಂದಲೇ ಬೆಳೆಯಬೇಕು. ಅಗಲ ಬಾಯಿಯ, ಆಳ ಕಡಿಮೆಯ ತೊಟ್ಟಿ ಸಾಕು. ಬೀಜ ಬಲು ಹಗುರ, ಮೇಲೆ ಉದುರಿಸಿ ತೆಳ್ಳಗೆ ಮಣ್ಣು ಮುಚ್ಚಿ. ಅಕ್ಟೋಬರ್ ನಂತರ ಹಾಕಿ, ಹೊರಗಿನ ಎಲೆಗಳನ್ನು ಮಾತ್ರ ಕೊಯ್ಯುತ್ತಾ ಹೋದರೆ ಒಂದೇ ಗಿಡದಿಂದ ಹಲವು ಸಲ ಸಿಗುತ್ತದೆ. ಒಂದೆರಡು ಗಿಡ ಬೀಜಕ್ಕೆ ಬಿಡಿ.

ಅಮೆರಿಕದಲ್ಲಿ ಇರುವವರಿಗೆ ಗೋಣಿ ಮೆಕ್ಸಿಕನ್ ಅಂಗಡಿಗಳಲ್ಲಿ ವೆರ್ಡೊಲಾಗಾಸ್ ಎಂಬ ಹೆಸರಿನಲ್ಲಿ, ಯುರೋಪಿನಲ್ಲಿ ಟರ್ಕಿಯವರ ತರಕಾರಿ ಅಂಗಡಿಗಳಲ್ಲಿ ಸೆಮಿಜೊತು ಎಂಬ ಹೆಸರಿನಲ್ಲಿ ಸಿಗುತ್ತದೆ. ಬೇಸಿಗೆಯಲ್ಲಿ ಮನೆಯ ಹಿತ್ತಲಲ್ಲೇ ಇದ್ದರೂ ಆಶ್ಚರ್ಯವಿಲ್ಲ. ಹಕ್ಕರಕಿ ಸಿಗುವುದಿಲ್ಲ. ಅದರ ಬದಲಿಗೆ ಅದೇ ಬಳಗದ ಎಳೆಯ ಡ್ಯಾಂಡೆಲಿಯನ್ ಎಲೆ ಅಥವಾ ಎಂಡೈವ್ ತನ್ನಿ, ಕಹಿ ಮತ್ತು ಅಗಿತ ಎರಡೂ ಹತ್ತಿರ ಬರುತ್ತವೆ. ಅರುಗುಲಾವನ್ನು ಹಲವರು ಸೂಚಿಸುತ್ತಾರೆ, ನನಗೆ ಒಪ್ಪಿಗೆ ಇಲ್ಲ: ಅದು ಸಾಸಿವೆಯ ಕುಟುಂಬದ್ದು, ಅದರ ಖಾರ ಹಿಂಡಿಯ ಖಾರದ ಜೊತೆ ಜಗಳಕ್ಕೆ ನಿಲ್ಲುತ್ತದೆ.

ತಂದಿಟ್ಟ ಮೇಲೆ ಎಷ್ಟು ದಿನ ಅನ್ನುವ ವಿಷಯದಲ್ಲಿ ಗೋಣಿಯೇ ಗೆಲ್ಲುತ್ತದೆ, ದಂಟಿನಲ್ಲಿ ನೀರಿರುವುದರಿಂದ ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಬಾಡದೆ ಇರುತ್ತದೆ. ಹಕ್ಕರಕಿ, ಮೆಂತೆಗಳನ್ನು ತೊಳೆಯದೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಎರಡು ದಿನ. ಕಡ್ಲಿ ಕುಡಿಯನ್ನು ಕಿತ್ತ ದಿನವೇ ತಿನ್ನಿ. ಉಳಿದರೆ ನೆರಳಲ್ಲಿ ಒಣಗಿಸಿ ಡಬ್ಬಿಗೆ ತುಂಬಿಡಿ, ಬೇಸಿಗೆಯಲ್ಲಿ ಬೇಳೆಯ ಜೊತೆ ಬೇಯಿಸಲು ಬರುತ್ತದೆ.